ನೀರಾಟದ ಯಂತ್ರಗಳು ಮತ್ತು ನಮ್ಮ ಮಕ್ಕಳು

ಶಾಲಾ ಪ್ರವಾಸವೆಂದರೆ ಬೇಕಲ ಕೋಟೆ, ಮೈಸೂರು, ಬೇಲೂರು-ಹಳೇಬೀಡು ಎಂದಿದ್ದ ಕಾಲವೊಂದಿತ್ತು. ಈಗ ಮಕ್ಕಳು ಕೇಳುವ ಮೊದಲ ಪ್ರಶ್ನೆಯೇ ಬೇರೆ: “ವಾಟರ್ ಪಾರ್ಕ್ ಇದೆಯೇ?” ಕೊಚ್ಚಿಯಲ್ಲಿ 2000ದಲ್ಲಿ ಆರಂಭವಾದ ವೀಗಾಲ್ಯಾಂಡ್ (ಈಗಿನ ವಂಡರ್‌ಲಾ), ಅದೇ ಸಂಸ್ಥೆಯ ಬೆಂಗಳೂರಿನ ಪಾರ್ಕ್, ಕಣ್ಣೂರಿನತ್ತ ಹೋದರೆ ಪರಶ್ಶಿನಿಕಡವಿನ ವಿಸ್ಮಯ ಇವೆಲ್ಲ ಇಂದು ಮಂಜೇಶ್ವರ, ಕುಂಬಳೆ, ಬದಿಯಡ್ಕದ ಮಕ್ಕಳ ಬಾಯಲ್ಲಿ ನಲಿದಾಡುವ ಹೆಸರುಗಳು. ಮಕ್ಕಳ ಸಂತೋಷಕ್ಕೆ ನಾವು ಅಡ್ಡಿ ಹೇಳುವವರಲ್ಲ. ಆದರೆ ನಲವತ್ತು ಐವತ್ತು ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ, ಅಷ್ಟೇ ಮಕ್ಕಳನ್ನು ಮನೆಗೆ ಮುಟ್ಟಿಸಬೇಕಾದ ಹೊಣೆ ನಮ್ಮ ಮೇಲಿದೆ. ಈ ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ, ಕೈಕೊಟ್ಟ ಮೇಲೆ ಬೇರೆ ದೇಶಗಳಲ್ಲಿ ಏನೇನು ತಿದ್ದುಪಡಿಗಳಾದವು ಎಂಬುದನ್ನು ಅಧ್ಯಾಪಕರೂ ಹೆತ್ತವರೂ ತಿಳಿದಿರುವುದು ಒಳ್ಳೆಯದು.

ಡ್ರೀಮ್‌ವರ್ಲ್ಡ್ ದುರಂತ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಗೋಲ್ಡ್ ಕೋಸ್ಟ್‌ನಲ್ಲಿ ಡ್ರೀಮ್‌ವರ್ಲ್ಡ್ ಎಂಬ ದೊಡ್ಡ ಮನರಂಜನಾ ಪಾರ್ಕ್ ಇದೆ. ಅಲ್ಲಿ 1986ರಿಂದ ‘ಥಂಡರ್ ರಿವರ್ ರ‍್ಯಾಪಿಡ್ಸ್’ ಎಂಬ ನೀರಾಟ ನಡೆಯುತ್ತಿತ್ತು. ಆರು ಮಂದಿ ಕೂರುವ ದುಂಡನೆಯ ತೆಪ್ಪ, ಕಾಂಕ್ರೀಟಿನ ಕಾಲುವೆ, ಅದರಲ್ಲಿ ಹೊಳೆಯಂತೆ ರಭಸದಿಂದ ಹರಿಯುವ ನೀರು. ಆ ನೀರನ್ನು ದೊಡ್ಡ ಪಂಪುಗಳು ಎತ್ತಿ ಹಾಯಿಸುತ್ತವೆ. ಸುತ್ತು ಮುಗಿಸಿದ ತೆಪ್ಪವನ್ನು ಮರದ ಹಲಗೆಗಳ ಚಲಿಸುವ ಪಟ್ಟಿಯೊಂದು, ಅಂದರೆ ಕನ್ವೇಯರ್, ಮೇಲಕ್ಕೆಳೆದು ಇಳಿಯುವ ಕಟ್ಟೆಯ ಕಡೆಗೆ ಸಾಗಿಸುತ್ತದೆ. ನೋಡಲು ಅಪಾಯದ್ದೆಂದು ಅನಿಸದ, ಸಂಸಾರಸಮೇತ ಕೂರುವಂಥ ಆಟವೇ ಅದು.

2016ರ ಅಕ್ಟೋಬರ್ 25ರಂದು ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅಲ್ಲಿನ ಪಂಪುಗಳಲ್ಲಿ ಒಂದು ನಿಂತುಹೋಯಿತು. ಅದೇ ಪಂಪು ಅಂದು ಅದಾಗಲೇ ಎರಡು ಬಾರಿ ನಿಂತಿತ್ತು. ಪ್ರತಿ ಬಾರಿಯೂ ಮತ್ತೆ ಚಾಲೂ ಮಾಡಿ ಆಟ ಮುಂದುವರಿಸಲಾಗಿತ್ತು. ಮೂರನೆಯ ಸಲ ಪಂಪು ನಿಂತಾಗ ಕಾಲುವೆಯ ನೀರು ಸರ್ರನೆ ಇಳಿಯಿತು. ಕನ್ವೇಯರಿನ ತುದಿಯಾಚೆ ಇದ್ದ ಖಾಲಿ ತೆಪ್ಪವೊಂದು ತೇಲಲಾರದೆ ಕಬ್ಬಿಣದ ಹಳಿಗಳ ಮೇಲೆ ಕುಳಿತುಬಿಟ್ಟಿತು. ನೀರಿಲ್ಲದಿದ್ದರೂ ಕನ್ವೇಯರು ಓಡುತ್ತಲೇ ಇತ್ತು. ಹಿಂದಿನಿಂದ ಆರು ಮಂದಿಯಿದ್ದ ಇನ್ನೊಂದು ತೆಪ್ಪವನ್ನು ಅದು ತಂದು ಇದಕ್ಕೆ ಢಿಕ್ಕಿ ಹೊಡೆಸಿತು. ತೆಪ್ಪ ಎದ್ದು ನಿಂತು ಯಂತ್ರದೊಳಕ್ಕೆ ಸೆಳೆಯಲ್ಪಟ್ಟಿತು. ನಾಲ್ವರು ವಯಸ್ಕರು ಅಲ್ಲೇ ಸತ್ತರು. ಇಬ್ಬರು ಮಕ್ಕಳು ಹೇಗೋ ಬದುಕಿ ಉಳಿದರು. ಪಂಪು ನಿಂತಲ್ಲಿಂದ ಢಿಕ್ಕಿಯವರೆಗೆ ಕಳೆದದ್ದು ಸುಮಾರು ಒಂದು ನಿಮಿಷ ಮಾತ್ರ.

ತಪ್ಪು ಎಲ್ಲಿತ್ತು?

ಇಂಥ ಸುದ್ದಿ ಬಂದಾಗ “ಯಾರು ಬಟನ್ ಒತ್ತಬೇಕಿತ್ತು?” ಎಂದು ಕೇಳುವುದು ಲೋಕರೂಢಿ. ಮರಣ ವಿಚಾರಣಾಧಿಕಾರಿಯ ಮುಂದೆ 2018ರಲ್ಲಿ ವಾರಗಟ್ಟಲೆ ನಡೆದ ವಿಚಾರಣೆಯೂ, 2020ರ ಫೆಬ್ರವರಿಯಲ್ಲಿ ಹೊರಬಂದ ವರದಿಯೂ ಈ ಪ್ರಶ್ನೆಯನ್ನು ತಿರುಗಿಸಿ ಹಾಕಿದವು. ಬಟನ್ ಒತ್ತುವುದನ್ನು ಮನುಷ್ಯನೊಬ್ಬನಿಗೇ ಬಿಟ್ಟದ್ದೇಕೆ ಎಂಬುದೇ ನಿಜವಾದ ಪ್ರಶ್ನೆಯಾಯಿತು.

ಅಲ್ಲಿ ಬೆಳಕಿಗೆ ಬಂದ ಸಂಗತಿಗಳನ್ನು ನೋಡಿ. ನೀರಿನ ಮಟ್ಟ ಇಳಿದರೆ ತಾನಾಗಿ ಯಂತ್ರ ನಿಲ್ಲಿಸುವ ಯಾವ ಸಾಧನವೂ ಇರಲಿಲ್ಲ. ಕಾಲುವೆಯ ಗೋಡೆಯ ಮೇಲೆ ನೀರಿನಿಂದಾದ ಕಲೆಯನ್ನು ನೋಡಿ ಸಿಬ್ಬಂದಿ ಮಟ್ಟವನ್ನು ಅಂದಾಜು ಮಾಡುತ್ತಿದ್ದರು. ನಮ್ಮಲ್ಲಿ ಮನೆಯ ಮೇಲಿನ ಟಾಂಕಿಗೆ, ತೋಟದ ತೊಟ್ಟಿಗೆ ಫ್ಲೋಟ್ ಸ್ವಿಚ್ ಹಾಕಿಸಿಕೊಂಡವರು ಬೇಕಷ್ಟಿದ್ದಾರೆ. ನೀರು ಮಟ್ಟ ಮುಟ್ಟಿದೊಡನೆ ಮೋಟರು ತಾನಾಗಿ ನಿಲ್ಲುತ್ತದೆ. ಅದೇ ತತ್ವದ ಸಾಧನವೊಂದು ಅಲ್ಲಿದ್ದಿದ್ದರೆ ಕನ್ವೇಯರು ತಾನಾಗಿ ನಿಲ್ಲುತ್ತಿತ್ತು. ಅದರ ಖರ್ಚು ಅಂಥ ಪಾರ್ಕಿಗೆ ಲೆಕ್ಕಕ್ಕೇ ಬಾರದಷ್ಟು.

ತುರ್ತಾಗಿ ನಿಲ್ಲಿಸುವ ಬಟನ್ ಇರಲಿಲ್ಲವೇ? ಇತ್ತು. ಇಳಿಯುವ ಕಟ್ಟೆಯ ಬಳಿಯಲ್ಲೇ ಇತ್ತು. ಒತ್ತಿದರೆ ಕನ್ವೇಯರು ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತಿತ್ತು. ಆದರೆ ಅದರ ಮೇಲೆ ಅದೇನೆಂದು ಬರೆದಿರಲಿಲ್ಲ. ಮುಖ್ಯ ಫಲಕದ ಬಳಿಗೆ ಹೋಗಲಾಗದಿದ್ದರೆ ಮಾತ್ರ ಅದನ್ನು ಬಳಸಬೇಕೆಂಬ ಸೂಚನೆಯಿತ್ತು. ಮುಖ್ಯ ಫಲಕದ ಬಟನ್ ಒತ್ತಿದರೆ ಕನ್ವೇಯರು ನಿಧಾನವಾಗಿ, ಹಲವು ಸೆಕೆಂಡುಗಳ ನಂತರ ನಿಲ್ಲುತ್ತಿತ್ತು. ಆ ದಿನ ಕಟ್ಟೆಯ ಬಳಿ ನಿಂತಿದ್ದ ಕೆಲಸಗಾರ್ತಿಗೆ ಆ ಯಂತ್ರದಲ್ಲಿ ಅದು ಮೊದಲ ದಿನ. ಬೆಳಿಗ್ಗೆಯಷ್ಟೇ ಆಕೆಗೆ ತರಬೇತಿಯಾಗಿತ್ತು. ಮೇಲಿನ ಕೆಲಸಗಾರನಿಗೆ ಜನರನ್ನು ಹತ್ತಿಸುವುದು, ಪಂಪು, ನೀರು, ತೆಪ್ಪಗಳ ಅಂತರ ಎಂದು ನಿಮಿಷದೊಳಗೆ ಹತ್ತಾರು ಕಡೆ ಕಣ್ಣಿಡಬೇಕಾದ ಪಾಡು. ಇವರಿಬ್ಬರನ್ನು ದೂರಿ ಪ್ರಯೋಜನವೇನು?

ಕನ್ವೇಯರಿನ ಹಲಗೆಗಳಲ್ಲೂ ದೋಷವಿತ್ತು. ಮೊದಲು ಒತ್ತೊತ್ತಾಗಿದ್ದ ಹಲಗೆಗಳಲ್ಲಿ ಹಲವನ್ನು ಯಾವಾಗಲೋ ತೆಗೆದುಹಾಕಲಾಗಿತ್ತು. ನಡುವೆ ಮನುಷ್ಯನ ಮೈ ಸಿಕ್ಕಿಕೊಳ್ಳುವಷ್ಟು ಸಂದು ಉಳಿದಿತ್ತು. ನಮ್ಮೂರಿನ ಅಕ್ಕಿಗಿರಣಿಯಲ್ಲೂ ಬೆಲ್ಟಿಗೆ ತಗಡಿನ ಮರೆ ಕಟ್ಟುವುದುಂಟು, ಮುಂಡಿನ ಸೆರಗು ಸಿಕ್ಕದಿರಲಿ ಎಂದು. ಲಕ್ಷಾಂತರ ಜನ ಬರುವ ಪಾರ್ಕಿನಲ್ಲಿ ಆ ಮಟ್ಟಿನ ವಿವೇಕವೂ ಇಲ್ಲದೆ ಹೋಯಿತು.

ಎಲ್ಲಕ್ಕಿಂತ ಮನಸ್ಸು ಕಲಕುವುದು ಇನ್ನೊಂದು ಸಂಗತಿ. 2001ರಲ್ಲಿ ಜನರಿಲ್ಲದ ತೆಪ್ಪಗಳನ್ನು ಓಡಿಸಿ ನೋಡುತ್ತಿದ್ದಾಗ ಅದೇ ಜಾಗದಲ್ಲಿ ತೆಪ್ಪಗಳು ಒಂದಕ್ಕೊಂದು ಢಿಕ್ಕಿಯಾಗಿ ಒಂದು ಮಗುಚಿತ್ತು. 2014ರಲ್ಲಿಯೂ ಎರಡು ತೆಪ್ಪಗಳು ಢಿಕ್ಕಿಯಾಗಿದ್ದವು. ಆಗ ಮಾಡಿದ್ದೇನು? ಕೆಲಸಗಾರನೊಬ್ಬನನ್ನು ಕೆಲಸದಿಂದ ತೆಗೆದುಹಾಕಿದರು. ಯಂತ್ರ ಹಾಗೆಯೇ ಉಳಿಯಿತು. ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಅರ್ಹ ಎಂಜಿನಿಯರೊಬ್ಬರು ಇಡೀ ಆಟವನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ ಅಪಾಯಗಳ ಪಟ್ಟಿ ಮಾಡಿದ್ದಿಲ್ಲವೆಂದು ವಿಚಾರಣೆಯಲ್ಲಿ ಕಂಡುಬಂತು.

ಬಳಿಕ ಬಂದ ಬದಲಾವಣೆ

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿಗೆ ಒಪ್ಪುತ್ತದೆ. ಆದರೂ ಬಾಗಿಲು ಹಾಕಿದ್ದು ಮುಂದಿನವರಿಗೆ ಉಪಕಾರವೇ. ಆ ಆಟವನ್ನು ಶಾಶ್ವತವಾಗಿ ಮುಚ್ಚಿ ಕಳಚಲಾಯಿತು. ಒಡೆತನದ ಆರ್ಡೆಂಟ್ ಲೀಷರ್ ಸಂಸ್ಥೆ ತಪ್ಪೊಪ್ಪಿಕೊಂಡಿತು. 2020ರ ಸೆಪ್ಟೆಂಬರಿನಲ್ಲಿ ಅದಕ್ಕೆ 36 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಕ್ವೀನ್ಸ್‌ಲ್ಯಾಂಡ್ ಸರಕಾರ 2017ರಲ್ಲಿ ಕೆಲಸದ ಸ್ಥಳದಲ್ಲಿ ಅಲಕ್ಷ್ಯದಿಂದಾಗುವ ಸಾವಿಗೆ 20 ವರ್ಷಗಳವರೆಗೆ ಜೈಲು ವಿಧಿಸಬಹುದಾದ ಕಾನೂನು ತಂದಿತು. 2019ರ ನಿಯಮಗಳ ಪ್ರಕಾರ ದೊಡ್ಡ ಪಾರ್ಕುಗಳು ತಮ್ಮ ಯಂತ್ರಗಳ ಅಪಾಯಗಳೇನು, ತಡೆಯುವ ಬಗೆಯೇನು ಎಂಬುದನ್ನು ಬರೆದುಕೊಟ್ಟು ಲೈಸನ್ಸ್ ಪಡೆಯಬೇಕು. ಪ್ರತಿ ಹತ್ತು ವರ್ಷಕ್ಕೊಮ್ಮೆ ಯಂತ್ರದ ಸಮಗ್ರ ತಪಾಸಣೆಯಾಗಬೇಕು. ನಡೆಸುವವರ ತರಬೇತಿಗೂ ದಾಖಲೆ ಬೇಕು.

ತೇಪೆ ಹಾಕಿದರೆ ಸಾಲದು

ತಿದ್ದುಪಡಿ ಎಂದರೆ ಸಿಕ್ಕಿದ್ದನ್ನು ಸಿಕ್ಕಲ್ಲಿಗೆ ಜೋಡಿಸುವುದಲ್ಲ. ಅಮೆರಿಕದ ಕಾನ್ಸಸ್ ರಾಜ್ಯದಲ್ಲಿ 2014ರಲ್ಲಿ ‘ವೆರುಕ್ಟ್’ ಎಂಬ ಜಾರುಬಂಡೆ ತೆರೆಯಿತು. 168 ಅಡಿ ಎತ್ತರ, ಎಂದರೆ ನಮ್ಮ ಎತ್ತರದ ಎರಡು ತೆಂಗಿನಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು. ಜಗತ್ತಿನಲ್ಲೇ ಎತ್ತರದ್ದೆಂಬ ಹೆಮ್ಮೆ ಬೇರೆ. ಪರೀಕ್ಷೆಯ ವೇಳೆ ತೆಪ್ಪಗಳು ಜಾರುಬಂಡೆಯಿಂದ ಗಾಳಿಗೆ ಹಾರಿದವು. ಆಗ ಒಂದಿಷ್ಟು ಭಾಗವನ್ನು ಒಡೆದು ಕಟ್ಟಿದರು. ಹಾರಿದವರು ಹೊರಗೆ ಬೀಳದಿರಲೆಂದು ಮೇಲೆ ಬಲೆ ಕಟ್ಟಿ ಅದಕ್ಕೆ ಲೋಹದ ಕಮಾನುಗಳನ್ನು ನಿಲ್ಲಿಸಿದರು. ಕೂತವರನ್ನು ಹಿಡಿದಿಡಲು ಹಾಕಿದ್ದು ಮಕ್ಕಳ ಬೂಟಿನಲ್ಲಿರುವಂತೆ ಒತ್ತಿದರೆ ಅಂಟಿಕೊಳ್ಳುವ ಪಟ್ಟಿಗಳು. ತೆಪ್ಪವೊಂದರಲ್ಲಿ ಮೂವರು. ಮೂವರ ಒಟ್ಟು ಭಾರ ಸುಮಾರು 180ರಿಂದ 250 ಕಿಲೋ ಒಳಗಿರಬೇಕೆಂಬ ನಿಯಮ.

2016ರ ಆಗಸ್ಟ್ 7ರಂದು ಹತ್ತು ವರ್ಷದ ಬಾಲಕನೊಬ್ಬ ಮುಂದಿನ ಸೀಟಿನಲ್ಲಿ ಕುಳಿತ. ಹಿಂದೆ ಇಬ್ಬರು ದೊಡ್ಡವರು. ಒಟ್ಟು ಭಾರ ನಿಯಮದೊಳಗೇ ಇತ್ತು, ಆದರೆ ಮುಂಭಾಗ ಹಗುರ. ತೆಪ್ಪ ಹಾರಿತು. ರಕ್ಷಣೆಗೆಂದು ನಿಲ್ಲಿಸಿದ ಅದೇ ಲೋಹದ ಕಮಾನಿಗೆ ಬಡಿದು ಹುಡುಗ ಸತ್ತ. ಮೂಲ ಲೆಕ್ಕಾಚಾರವೇ ತಪ್ಪಿದ್ದಾಗ ಮೇಲಿನ ಬಲೆ ಕಾಪಾಡಲಿಲ್ಲ, ಕೊಂದಿತು. ಪಾರ್ಕುಗಳು ತಮ್ಮ ತಪಾಸಣೆಯನ್ನು ತಾವೇ ಮಾಡಿಕೊಳ್ಳಬಹುದೆಂದು ಅಲ್ಲಿಯವರೆಗೆ ಬಿಟ್ಟಿದ್ದ ಕಾನ್ಸಸ್ ಮರುವರ್ಷವೇ ಕಾನೂನು ಬಿಗಿಗೊಳಿಸಿತು. 2018ರಲ್ಲಿ ಜಾರುಬಂಡೆಯನ್ನು ಕೆಡವಲಾಯಿತು.

ಸೀಟಿನ ಬೆಲ್ಟಿನ ವಿಷಯವೂ ಹೀಗೆಯೇ. “ಬೆಲ್ಟ್ ಕಟ್ಟಿದರೆ ಸಾಕಲ್ಲ?” ಎನ್ನುತ್ತೇವೆ. ನೀರಿನ ತೆಪ್ಪದಲ್ಲಿ ಬೆಲ್ಟು ಬೀಳುವವನನ್ನು ಹಿಡಿಯುತ್ತದೆ, ನಿಜ. ಆದರೆ ತೆಪ್ಪವೇ ಮಗುಚಿದರೆ ಅದೇ ಬೆಲ್ಟು ಮಗುವನ್ನು ನೀರಿನಡಿಯಲ್ಲಿ ಕಟ್ಟಿಹಾಕಬಹುದು. 2021ರ ಜುಲೈಯಲ್ಲಿ ಅಮೆರಿಕದ ಅಯೋವಾ ರಾಜ್ಯದ ಅಡ್ವೆಂಚರ್‌ಲ್ಯಾಂಡ್ ಎಂಬಲ್ಲಿ ತೆಪ್ಪ ಮಗುಚಿ ಹನ್ನೊಂದು ವರ್ಷದ ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ಆದ್ದರಿಂದ ಮೊದಲು ತೆಪ್ಪ ಮಗುಚದಂತೆ ನೋಡಬೇಕು. ಬೆಲ್ಟಿನ ಮಾತು ಆಮೇಲೆ.

ಶಾಲಾ ಪ್ರವಾಸದ ಒಂದು ಪಾಠ

ಅಧ್ಯಾಪಕರಾದ ನಮಗೆ ಅತಿ ಹತ್ತಿರದ್ದು ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಡ್ರೇಟನ್ ಮ್ಯಾನರ್ ಪಾರ್ಕಿನ ಘಟನೆ. 2017ರ ಮೇ 9ರಂದು ಶಾಲಾ ಪ್ರವಾಸಕ್ಕೆ ಬಂದಿದ್ದ ಹನ್ನೊಂದು ವರ್ಷದ ಹುಡುಗಿ ಗೆಳತಿಯರೊಂದಿಗೆ ಇಂಥದೇ ತೆಪ್ಪ ಹತ್ತಿದಳು. ಜೊತೆಗೆ ದೊಡ್ಡವರಿರಲಿಲ್ಲ. ತೆಪ್ಪ ಬಡಿದ ರಭಸಕ್ಕೆ ನೀರಿಗೆ ಬಿದ್ದಳು. ಬಿದ್ದಲ್ಲಿ ನೀರು ಆಳವಿರಲಿಲ್ಲ, ಎದ್ದು ನಡೆದಳು. ಮೇಲೆ ಹತ್ತಿ ಪಾರಾಗಲೆಂದು ತೆಪ್ಪಗಳನ್ನು ಎಳೆಯುವ ಯಂತ್ರದ ಕಡೆಗೆ ಹೋದಳು. ಅಲ್ಲಿ ಸುಮಾರು 12 ಅಡಿ ಆಳದ ನೀರಿಗೆ ಬಿದ್ದು ಮುಳುಗಿದಳು. ನೀರಿಗೆ ಬಿದ್ದವರನ್ನು ಕೂಡಲೇ ಕಂಡುಹಿಡಿಯುವ ವ್ಯವಸ್ಥೆಯಾಗಲಿ, ಎತ್ತುವ ಸಿದ್ಧತೆಯಾಗಲಿ ಸಾಕಷ್ಟಿರಲಿಲ್ಲ. 2022ರಲ್ಲಿ ಪಾರ್ಕನ್ನು ನಡೆಸುತ್ತಿದ್ದ ಸಂಸ್ಥೆಗೆ ನ್ಯಾಯಾಲಯ 10 ಲಕ್ಷ ಪೌಂಡ್ ದಂಡ ವಿಧಿಸಿತು.

ಆ ಮಗು ಮಾಡಿದ್ದು ಯಾವ ಮಗುವೂ ಮಾಡುವ ಕೆಲಸ. ದಡ ಕಂಡತ್ತ ನಡೆಯಿತು. ಹೊಳೆ, ತೋಡುಗಳಲ್ಲಿ ಆಡಿ ಬೆಳೆದ ನಮ್ಮ ಮಕ್ಕಳೂ ಹಾಗೆಯೇ ಮಾಡುವರು. ಹೊಳೆಯ ಗುಣ ಅವರಿಗೆ ಗೊತ್ತು. ಯಂತ್ರದ ಹೊಳೆಯ ಗುಣವನ್ನು ನಾವು ಹೇಳಿಕೊಡದೆ ತಿಳಿಯುವುದಿಲ್ಲ.

ನಾವು ಮಾಡಬಹುದಾದದ್ದು

ಕಾನೂನು ಬರುವಾಗ ಬರಲಿ. ಪ್ರವಾಸಕ್ಕೆ ಹೊರಡುವ ಮುನ್ನ ಶಾಲೆಯವರೂ ರಕ್ಷಕ-ಶಿಕ್ಷಕ ಸಂಘದವರೂ ಕೆಲವು ಮಾತುಗಳನ್ನು ಗಟ್ಟಿಮಾಡಿಕೊಳ್ಳಬಹುದು.

1. ಪಾರ್ಕಿಗೆ ಮೊದಲೇ ಪತ್ರ ಬರೆದು ಯಂತ್ರಗಳ ತಪಾಸಣೆ ಕೊನೆಗೆ ಯಾವಾಗ, ಯಾರಿಂದ ಆಯಿತೆಂದು ಕೇಳಬೇಕು. ರಿಯಾಯಿತಿ ದರ ಕೇಳಲು ನಾಚದ ನಾವು ಇದನ್ನು ಕೇಳಲು ನಾಚಬೇಕಿಲ್ಲ.

2. ಎತ್ತರದ ಕಡ್ಡಿಗೆ ಒಂದಂಗುಲ ಕಡಿಮೆಯಾದ ಮಗುವಿಗಾಗಿ ಸಿಬ್ಬಂದಿಯನ್ನು ಕಾಡಿ ಬೇಡಬಾರದು. ಆ ಕಡ್ಡಿ ನಮ್ಮ ಶತ್ರುವಲ್ಲ.

3. ಪ್ರತಿ ತೆಪ್ಪದಲ್ಲೂ ಒಬ್ಬ ದೊಡ್ಡವರು ಇರಬೇಕು. ಅಷ್ಟು ಜನ ಇಲ್ಲದಿದ್ದರೆ ಆ ಆಟವನ್ನೇ ಬಿಡುವುದು ಲೇಸು.

4. ಒಂದು ಯಂತ್ರ ಅಂದೇ ಒಂದೆರಡು ಬಾರಿ ನಿಂತು ಮತ್ತೆ ಹೊರಟಿತೆಂದು ತಿಳಿದರೆ ನಮ್ಮ ಮಕ್ಕಳು ಅದಕ್ಕೆ ಹತ್ತುವುದು ಬೇಡ. ಡ್ರೀಮ್‌ವರ್ಲ್ಡ್‌ನ ಪಂಪನ್ನು ನೆನೆಯೋಣ.

5. ತೆಪ್ಪ ನಡುವೆ ನಿಂತರೂ ಏಳಬಾರದು, ಇಳಿಯಬಾರದು. ಬಿದ್ದರೆ ಯಂತ್ರದ ಕಡೆಗೆ ಹೋಗದೆ ಕೈ ಎತ್ತಿ ಕೂಗಬೇಕು. ಇದನ್ನು ಹಿಂದಿನ ದಿನವೇ ತರಗತಿಯಲ್ಲಿ ಹೇಳಿ, ಮಕ್ಕಳಿಂದ ಹೇಳಿಸಬೇಕು.

ಐದನೆಯ ಮಾತಿಗೆ ನಮ್ಮ ಭಾಗದಲ್ಲಿ ಹೆಚ್ಚಿನ ಮಹತ್ವವಿದೆ. ಗಡಿಯ ಆಚೀಚೆ ಪ್ರವಾಸ ಹೋಗುವ ನಮ್ಮ ಕನ್ನಡ ಮಾಧ್ಯಮದ ಮಕ್ಕಳು, ಅದರಲ್ಲೂ ಐದಾರನೆಯ ತರಗತಿಯವರು, ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆದ ಎಚ್ಚರಿಕೆಯ ಫಲಕವನ್ನು ಓದಿ ಅರ್ಥಮಾಡಿಕೊಳ್ಳುವಷ್ಟರಲ್ಲಿ ತೆಪ್ಪ ಹೊರಟಿರುತ್ತದೆ. ಧ್ವನಿವರ್ಧಕದ ಮಾತು ನೀರಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಮಗುವಿನ ಕಿವಿಗೆ ಸಲೀಸಾಗಿ ಇಳಿಯುವ ಭಾಷೆಯಲ್ಲಿ, ತುಳುವೋ ಕನ್ನಡವೋ, ಆ ನಾಲ್ಕು ಮಾತನ್ನು ಹೇಳಬೇಕಾದವರು ನಾವೇ. ಫಲಕದಲ್ಲಿ ಒಂದು ಸಾಲು ಕನ್ನಡವೂ ಇರಲೆಂದು ಪಾರ್ಕಿನವರನ್ನು ವಿನಯದಿಂದ ಕೇಳುವುದರಲ್ಲಿಯೂ ತಪ್ಪಿಲ್ಲ.

ಕ್ವೀನ್ಸ್‌ಲ್ಯಾಂಡಿನಲ್ಲಾಗಲಿ ಕಾನ್ಸಸ್ಸಿನಲ್ಲಾಗಲಿ ಬಳಿಕ ಬಂದ ತಿದ್ದುಪಡಿಗಳಲ್ಲಿ ಮೊದಲೇ ತಿಳಿಯದಿದ್ದದ್ದು ಏನೂ ಇರಲಿಲ್ಲ. ನೀರಿನ ಮಟ್ಟ ಅಳೆಯುವುದು, ಬಟನ್ ಮೇಲೆ ಹೆಸರು ಬರೆಯುವುದು, ಸಂದು ಮುಚ್ಚುವುದು, ಹೊರಗಿನವರಿಂದ ತಪಾಸಣೆ ಮಾಡಿಸುವುದು ಇವೆಲ್ಲ ಸಣ್ಣ ಕೆಲಸಗಳು. ಅವನ್ನು ಮಾಡಿಸಲು ಜೀವಗಳು ಹೋಗಬೇಕಾಯಿತು. ಬೇರೆಯವರು ತೆತ್ತ ಬೆಲೆಯಿಂದ ನಾವು ಪಾಠ ಕಲಿತರೆ ನಮ್ಮ ಮಕ್ಕಳು ನಕ್ಕು, ನೆನೆದು, ದಣಿದು, ಸಂಜೆಯ ಬಸ್ಸಿನಲ್ಲಿ ನಿದ್ದೆ ಹೋಗುತ್ತ ಮನೆ ಸೇರುವರು. ನಮಗೆ ಬೇಕಾದದ್ದೂ ಅದೇ ತಾನೇ?