ಶತ್ರುವಿಲ್ಲದ ರಣರಂಗ

ಅನ್ಯಗ್ರಹಗಳಲ್ಲಿ ಸೇನೆಗಳು ಕಾದಾಡುವ ಕಥೆಗಳನ್ನು ನಾವೆಲ್ಲರೂ ಕುತೂಹಲದಿಂದ ಓದುತ್ತೇವೆ. ಅಂತಹ ಸೇನೆಯೊಂದು ಶುಕ್ರಗ್ರಹದ ಮೇಲೆ ಇಳಿಯಿತೆನ್ನೋಣ. ಅದನ್ನು ಸೋಲಿಸಲು ಬೇರೆ ಶತ್ರು ಬೇಕಿಲ್ಲ. ಅಲ್ಲಿನ ವಾಯುಮಂಡಲವೇ ಸಾಕು.

ಶುಕ್ರನ ನೆಲದ ಉಷ್ಣತೆ ಸುಮಾರು 465 ಡಿಗ್ರಿ ಸೆಂಟಿಗ್ರೇಡ್. ಸೀಸ ಕರಗಲು 327 ಡಿಗ್ರಿ ಸಾಕು. ಗಾಳಿಯ ಒತ್ತಡವು ಭೂಮಿಯ ಮೇಲಿರುವುದರ ಸುಮಾರು 90 ಮಡಿ. 1982ರಲ್ಲಿ ಅಲ್ಲಿಗಿಳಿದ ಸೋವಿಯತ್ ನೌಕೆ ವೆನೆರಾ-13, ಭದ್ರವಾದ ಲೋಹಕವಚವಿದ್ದರೂ, 127 ನಿಮಿಷಗಳಲ್ಲಿ ಮೌನವಾಯಿತು.

ಸೂರ್ಯನಿಗೆ ಇನ್ನೂ ಸಮೀಪದಲ್ಲಿರುವ ಬುಧನಿಗಿಂತಲೂ ಶುಕ್ರನು ಹೆಚ್ಚು ಕಾದಿರುವುದೇಕೆ? ಅಲ್ಲಿನ ಗಾಳಿಯಲ್ಲಿ ನೂರಕ್ಕೆ 96 ಪಾಲು ಇಂಗಾಲದ ಡೈಆಕ್ಸೈಡ್. ನೆಲದಿಂದ ಹೊಮ್ಮುವ ಶಾಖವನ್ನು ಅದು ಕಂಬಳಿಯಂತೆ ತಡೆಹಿಡಿಯುತ್ತದೆ. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿ ಅದೇ ಅನಿಲವನ್ನು ನಾವು ಭೂಮಿಯ ಗಾಳಿಗೂ ಬೆರೆಸುತ್ತಿದ್ದೇವೆ. ಇದರಿಂದ ಭೂಮಿಯು ಶುಕ್ರನಂತಾಗಲಾರದು. ಆದರೆ ಕಂಬಳಿ ದಪ್ಪವಾದಷ್ಟೂ ಶಾಖವೇರುವುದೆಂಬ ನಿಯಮ ಎರಡು ಗ್ರಹಗಳಿಗೂ ಒಂದೇ.