ಬೇಡವೆಂದವನ ಚಿತ್ರ

ವಸ್ತು ದುರ್ಲಭವಾದಷ್ಟೂ ಅದರ ಸುತ್ತ ಕಥೆಗಳು ಬೆಳೆಯುತ್ತವೆ. ಅಮೆರಿಕೆಯ ಒಂದು ಪುಟ್ಟ ಚಿತ್ರಪಟದ ವಿಷಯದಲ್ಲಿ ಆದದ್ದು ಇದೇ. ಅದರ ಅಗಲ ಸುಮಾರು ಒಂದೂವರೆ ಅಂಗುಲ. ಉದ್ದ ಎರಡೂವರೆ ಅಂಗುಲಕ್ಕಿಂತ ತುಸು ಹೆಚ್ಚು.

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪೆನಿಯು ತನ್ನ ಸಿಗರೇಟಿನ ಪೊಟ್ಟಣಗಳಲ್ಲಿ ಬೇಸ್‌ಬಾಲ್ ಆಟಗಾರರ ಬಣ್ಣದ ಚಿತ್ರಗಳನ್ನು ಇಡುತ್ತಿತ್ತು. ಐನೂರಕ್ಕೂ ಮಿಕ್ಕ ಚಿತ್ರಗಳ ಈ ಮಾಲೆಗೆ 'ಟಿ206' ಎಂಬ ಹೆಸರು ಬಂದದ್ದು ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕನು ಸಿದ್ಧಪಡಿಸಿದ ಸೂಚಿಯಿಂದ. ಇವುಗಳಲ್ಲಿ ಬಹುಪಾಲು ಚಿತ್ರಗಳು ಇಂದಿಗೂ ಹೇರಳವಾಗಿ ದೊರೆಯುತ್ತವೆ. ಪಿಟ್ಸ್‌ಬರ್ಗ್ ತಂಡದ ಮಹಾ ಆಟಗಾರ ಹೋನಸ್ ವ್ಯಾಗ್ನರನ ಚಿತ್ರದ ಪ್ರತಿಗಳಾದರೋ ಐವತ್ತು ಅರವತ್ತಕ್ಕಿಂತ ಹೆಚ್ಚಿಲ್ಲ.

ಹೀಗೇಕಾಯಿತು? ತನ್ನ ಚಿತ್ರದ ಆಸೆಗೆ ಮಕ್ಕಳು ಸಿಗರೇಟು ಕೊಳ್ಳಬಾರದೆಂದು ವ್ಯಾಗ್ನರ್ ಅಚ್ಚನ್ನು ತಡೆದನೆಂಬುದು ಒಂದು ಕಥೆ. ಆತನ ಮೊಮ್ಮಗಳೂ ಮುಂದೆ ಹೀಗೆಯೇ ಹೇಳಿದ್ದುಂಟು. ಆದರೆ ವ್ಯಾಗ್ನರ್ ಸ್ವತಃ ಹೊಗೆಸೊಪ್ಪು ಅಗಿಯುತ್ತಿದ್ದವನು. ಹಿಂದೆ ಚುಟ್ಟಾದ ವ್ಯಾಪಾರಕ್ಕೂ ಆತನ ಹೆಸರು ಚಿತ್ರಗಳು ಬಳಕೆಯಾಗಿದ್ದವು. ಇದನ್ನು ಬಲ್ಲವರು, ಆತನಿಗೆ ಬೇಕಿದ್ದುದು ಹಣವೆಂದು ಇನ್ನೊಂದು ಕಥೆ ಕಟ್ಟಿದರು.

ಹಸ್ತಪ್ರತಿಗಳ ನಡುವೆ ಆಯುಷ್ಯ ಕಳೆದ ನನ್ನಂಥವನು ಇಂಥಲ್ಲಿ ಹುಡುಕುವುದು ಸಮಕಾಲೀನ ಸಾಕ್ಷ್ಯವನ್ನು. ಅದೃಷ್ಟವಶಾತ್ ಅದು ಉಂಟು. ವ್ಯಾಗ್ನರನ ಒಪ್ಪಿಗೆ ದೊರಕಿಸಿಕೊಟ್ಟರೆ ಹತ್ತು ಡಾಲರ್ ಕೊಡುವುದಾಗಿ ಕಂಪೆನಿಯು ಜಾನ್ ಗ್ರೂಬರ್ ಎಂಬ ಪತ್ರಕರ್ತನಿಗೆ ಹೇಳಿತ್ತು. ವ್ಯಾಗ್ನರ್ ಒಪ್ಪಲಿಲ್ಲ. ಸಿಗರೇಟಿನ ಪೊಟ್ಟಣದಲ್ಲಿ ತನ್ನ ಚಿತ್ರ ಬೇಡವೆಂದು ಬರೆದು, ಗ್ರೂಬರನಿಗೆ ನಷ್ಟವಾಗದಿರಲೆಂದು ತನ್ನ ಕೈಯಿಂದಲೇ ಹತ್ತು ಡಾಲರಿನ ಚೆಕ್ಕನ್ನು ಕಳುಹಿಸಿದ. 1912ರಲ್ಲಿ 'ಸ್ಪೋರ್ಟಿಂಗ್ ನ್ಯೂಸ್' ಪತ್ರಿಕೆ ಈ ಸಂಗತಿಯನ್ನು ಪ್ರಕಟಿಸಿತು. ಹಣದಾಸೆಯ ಕಥೆ ಇದರ ಮುಂದೆ ನಿಲ್ಲುವುದು ಕಷ್ಟ. ತನ್ನ ಮುಖ ಎಲ್ಲಿ ಅಚ್ಚಾಗಬೇಕೆಂಬುದನ್ನು ತಾನೇ ನಿರ್ಧರಿಸುವೆನೆಂಬ ಮನುಷ್ಯನೊಬ್ಬ ಮಾತ್ರ ನಮ್ಮೆದುರು ಉಳಿಯುತ್ತಾನೆ.

ಆದರೆ ಆ ನಿರಾಕರಣೆಯನ್ನೇ ಪೇಟೆ ಸರಕಾಗಿಸಿಕೊಂಡಿತು. ಈ ಚಿತ್ರದ ಅತಿ ಪ್ರಸಿದ್ಧವಾದ ಒಂದು ಪ್ರತಿ, ಅಂಚುಗಳು ಚೊಕ್ಕಟವಾಗಿವೆಯೆಂಬ ಖ್ಯಾತಿಯಿಂದ, 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. ಆ ಅಂಚುಗಳನ್ನು ಕತ್ತರಿಸಿ ಸರಿಪಡಿಸಿದ್ದು ತಾನೇ ಎಂದು ಅದರ ಹಿಂದಿನ ಒಡೆಯನೊಬ್ಬ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಪಾಠವನ್ನು ತಿದ್ದಿ ಪ್ರಾಚೀನವೆಂದು ಸಾರುವ ಲಿಪಿಕಾರನ ಕೆಲಸವೇ ಇದು! ಆದರೂ ಬೇಡಿಕೆ ಇಳಿಯಲಿಲ್ಲ. 2022ರಲ್ಲಿ ಮತ್ತೊಂದು ಪ್ರತಿ ಎಪ್ಪತ್ತೆರಡೂವರೆ ಲಕ್ಷ ಡಾಲರಿಗೆ ಕೈ ಬದಲಾಯಿಸಿತು.

ವ್ಯಾಗ್ನರನು ಬೇಡವೆನ್ನದೆ ಇದ್ದಿದ್ದರೆ ಇವು ಸಾವಿರಾರು ಚಿತ್ರಗಳ ರಾಶಿಯಲ್ಲಿ ಬೆರೆತುಹೋಗುತ್ತಿದ್ದವು. ಇಂದು ಕೊಳ್ಳುವವರು ತೆರುತ್ತಿರುವುದು ಆತನ ಒಂದು 'ಒಲ್ಲೆ'ಯ ಬೆಲೆಯನ್ನು. ಆ ಮಾತಿಗಾಗಿ ಆತ ಪಡೆದದ್ದು ಏನೂ ಇಲ್ಲ. ಕೊಟ್ಟದ್ದು ಹತ್ತು ಡಾಲರ್.