ಗೊಂಬೆಗೆ ಊರಿದೆ, ಕೆಲಸಕ್ಕೆ?

ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಯಂತ್ರಕ್ಕೆ ಹಾಲೆಮರದ ತುಂಡನ್ನು ಸಿಕ್ಕಿಸಿ, ಉಳಿ ಹಿಡಿದು, ನಾಲ್ಕು ನಿಮಿಷದಲ್ಲಿ ಬುಗುರಿಯ ರೂಪ ತರುತ್ತಾನೆ. ತಿರುಗುತ್ತಲೇ ಇರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಒಣಗರಿಯಿಂದ ಉಜ್ಜಿದರೆ ಹೊಳಪೂ ಬರುತ್ತದೆ. ಈ ಬುಗುರಿ ದೆಹಲಿಯ ಅಂಗಡಿಯೊಂದರಲ್ಲಿ ಬಿಕರಿಯಾಯಿತು ಎನ್ನಿ. ಅದು ಎಲ್ಲಿಯದು? ತೆರಿಗೆ ಕಾನೂನನ್ನು ಕೇಳಿದರೆ ‘ದೆಹಲಿಯದು’ ಎನ್ನುತ್ತದೆ, ಏಕೆಂದರೆ ಕೊಂಡು ಬಳಸುವವರು ಅಲ್ಲಿದ್ದಾರೆ. ಹೆಸರಿನ ಹಕ್ಕನ್ನು ಕಾಯುವ ಕಾನೂನು ‘ಚನ್ನಪಟ್ಟಣದ್ದು’ ಎನ್ನುತ್ತದೆ, ಏಕೆಂದರೆ ಮಾಡಿದ್ದು ಅಲ್ಲಿ. ಇನ್ನು ಅದನ್ನು ಮಾಡಿದ ಕೆಲಸ ಯಾರಿಗೆ ಸೇರಬೇಕು ಎಂಬ ಮೂರನೆಯ ಪ್ರಶ್ನೆ ಬಂದಾಗ ಮಾತ್ರ ನಾವು ವಸ್ತುವನ್ನು ಬಿಟ್ಟು ಮನುಷ್ಯನ ಹುಟ್ಟೂರನ್ನು ಹುಡುಕಲು ಹೊರಡುತ್ತೇವೆ. ನಮ್ಮ ಸ್ಥಳೀಯ ಉದ್ಯೋಗದ ಕಾನೂನುಗಳು ಮತ್ತೆ ಮತ್ತೆ ಮುಗ್ಗರಿಸುತ್ತಿರುವುದು ಇಲ್ಲಿಯೇ. ಕನ್ನಡಿಗರ ಬೇಡಿಕೆ ಅನ್ಯಾಯದ್ದು ಎಂದು ನಾನು ಹೇಳುತ್ತಿಲ್ಲ. ಬೇಡಿಕೆಯನ್ನು ಕಾನೂನಾಗಿ ಬರೆಯುವಾಗ ‘ಸ್ಥಳೀಯ’ ಎಂಬ ಮಾತನ್ನು ತಪ್ಪು ಗೂಟಕ್ಕೆ ಕಟ್ಟುತ್ತಿದ್ದೇವೆ.

ಮೊದಲು ತೆರಿಗೆ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಜಿಎಸ್‌ಟಿ, ಸರಕು ತಯಾರಾದ ರಾಜ್ಯಕ್ಕಲ್ಲ, ಬಳಕೆಯಾದ ರಾಜ್ಯಕ್ಕೆ ಪಾಲು ಕೊಡುವ ತೆರಿಗೆ. ರಾಜ್ಯದ ಗಡಿ ದಾಟುವ ಸರಕಿನ ಮೇಲೆ ಕೇಂದ್ರ ಐಜಿಎಸ್‌ಟಿ ವಸೂಲು ಮಾಡಿ, ಸರಕು ಕೊನೆಗೆ ತಲುಪಿದ ರಾಜ್ಯಕ್ಕೆ ಅದರ ಪಾಲನ್ನು ದಾಟಿಸುತ್ತದೆ. ಮಾರಿದವನು ಯಾವ ಊರಿನವನು, ಕೊಂಡವನ ಮಾತೃಭಾಷೆ ಯಾವುದು ಎಂಬುದನ್ನು ಈ ಲೆಕ್ಕ ಕೇಳುವುದೇ ಇಲ್ಲ. ದರವನ್ನೂ ರಾಜ್ಯವೊಂದು ತಾನೇ ನಿಗದಿ ಮಾಡುವಂತಿಲ್ಲ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು, ನಿರ್ಣಯಕ್ಕೆ ಬೇಕಾದದ್ದು ನಾಲ್ಕನೇ ಮೂರು. ಮಂಡಳಿಯ ಶಿಫಾರಸು ಶಾಸನಸಭೆಗಳನ್ನು ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತಾದರೂ ಒಂಟಿಯಾಗಿ ಹೊರನಡೆಯಲು ಯಾವ ರಾಜ್ಯವೂ ಮುಂದಾಗಿಲ್ಲ. ಪರೋಟ ರೊಟ್ಟಿಯ ಜಾತಿಗೆ ಸೇರುವುದಿಲ್ಲ, ಆದ್ದರಿಂದ ಶೇ 18 ತೆರಿಗೆ ಎಂದು ಕರ್ನಾಟಕದ ಮುಂಗಡ ನಿರ್ಣಯ ಪ್ರಾಧಿಕಾರ 2020ರಲ್ಲಿ ಹೇಳಿದಾಗ ನಾಡೆಲ್ಲ ನಕ್ಕಿತ್ತು. ನಗುವುದಷ್ಟೇ ನಮ್ಮ ಕೈಯಲ್ಲಿತ್ತು. ರೊಟ್ಟಿ, ಪರೋಟ ಎರಡನ್ನೂ ತೆರಿಗೆಯಿಂದ ಬಿಡಿಸಲು 2025ರ ಸೆಪ್ಟೆಂಬರಿನ ಮಂಡಳಿ ಸಭೆಯೇ ಬೇಕಾಯಿತು.

ವಸ್ತುವನ್ನು ನೋಡಬೇಕಾದ ಕಾನೂನು ವ್ಯಕ್ತಿಯ ಕಡೆ ಕಣ್ಣು ಹಾಯಿಸಿದರೆ ಏನಾಗುತ್ತದೆ ಎಂಬುದಕ್ಕೂ ತೆರಿಗೆಯಲ್ಲೇ ಉದಾಹರಣೆ ಇದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಜಮೆಯಾದ ಹಣದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ತೆರಿಗೆ ಕೇಳಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ; ಬರೀ ವಿನಾಯಿತಿ ಇರುವ ಸರಕನ್ನು ಮಾರುವವರು ನೋಂದಣಿಯನ್ನೂ ಮಾಡಿಸಬೇಕಿಲ್ಲ. ನೋಟಿಸ್ ಎಂದರೆ ವಿವರಣೆ ಕೇಳುವುದಷ್ಟೇ, ತೆರಿಗೆ ಇಲ್ಲದ ಸರಕಿಗೆ ತೆರಿಗೆ ಹಾಕುವುದಿಲ್ಲ ಎಂಬ ಇಲಾಖೆಯ ಸಮಜಾಯಿಷಿಯಲ್ಲಿ ಹುರುಳಿಲ್ಲದಿಲ್ಲ. ಆದರೆ ತಕ್ಕಡಿಯಲ್ಲಿ ಏನಿದೆ ಎಂದು ನೋಡುವ ಮೊದಲೇ ಫೋನಿನಲ್ಲಿ ಎಷ್ಟಿದೆ ಎಂದು ಎಣಿಸಿದ್ದರ ಫಲವಾಗಿ, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತುಹೋಗಿ ‘ನಗದು ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. ಕೊನೆಗೆ ಮುಖ್ಯಮಂತ್ರಿಗಳೇ ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ಕೇಳುವುದಿಲ್ಲ ಎನ್ನಬೇಕಾಯಿತು.

ಇನ್ನು ಹೆಸರಿನ ವಿಚಾರ. ‘ನಂದಿನಿ’ ಯಾರದು ಎಂದು ಕರ್ನಾಟಕದಲ್ಲಿ ಯಾರನ್ನು ಕೇಳಿದರೂ ಹಾಲು ಒಕ್ಕೂಟದ ಹೆಸರು ಹೇಳುತ್ತಾರೆ. ಕೆಎಂಎಫ್ ಆ ಹೆಸರನ್ನು 1985ರಿಂದ ಬಳಸುತ್ತಿದೆ. 1989ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ನಂಧಿನಿ ಡಿಲಕ್ಸ್’ ಹೋಟೆಲಿನವರು ತಮ್ಮ ತಿನಿಸುಗಳಿಗೆ ಅದೇ ಹೆಸರಿನ ನೋಂದಣಿ ಕೇಳಿದಾಗ ಒಕ್ಕೂಟ ಆಕ್ಷೇಪಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರ ಜುಲೈನಲ್ಲಿ ಹೋಟೆಲಿನ ಪರವಾಗಿ ಇತ್ಯರ್ಥವಾಯಿತು. ನಂದಿನಿ ಪುರಾಣದ ಹಸುವಿನ ಹೆಸರು, ಯಾರೊಬ್ಬರೂ ಹುಟ್ಟಿಸಿದ ಪದವಲ್ಲ. ಹಾಲಿನ ಸರಕೂ ಹೋಟೆಲಿನ ತಿನಿಸೂ ಬೇರೆ ಬೇರೆ. ಎರಡರ ಲಾಂಛನಗಳೂ ಬೇರೆ. ಗ್ರಾಹಕ ಎರಡನ್ನೂ ಒಂದೆಂದು ತಿಳಿಯುವ ಸಂಭವವಿಲ್ಲ ಎಂಬುದು ತೀರ್ಪಿನ ತಿರುಳು. ಒಂದು ಹೆಸರಿನ ಸುತ್ತ ನಾಡಿನ ಅಭಿಮಾನ ಎಷ್ಟೇ ಬೆಳೆದಿರಲಿ, ಟ್ರೇಡ್‌ಮಾರ್ಕ್ ಕಾನೂನು ಕೇಳುವುದು ಯಾವ ಸರಕಿಗೆ, ಯಾವ ಬಳಕೆಗೆ ಎಂದು ಮಾತ್ರ.

ಊರಿನ ಹೆಸರನ್ನೇ ಕಾಯುವ ಭೌಗೋಳಿಕ ಸೂಚಕ ಕಾನೂನು ಇನ್ನೂ ಕುತೂಹಲದ್ದು. 1999ರ ಈ ಕಾಯಿದೆಯ ಅಡಿ ಮೈಸೂರು ರೇಷ್ಮೆ, ನಂಜನಗೂಡು ರಸಬಾಳೆ, ಚನ್ನಪಟ್ಟಣದ ಗೊಂಬೆ ಎಲ್ಲಕ್ಕೂ ರಕ್ಷಣೆ ಇದೆ. ಬೇರೆಡೆ ತಯಾರಿಸಿದ ಗೊಂಬೆಗೆ ಚನ್ನಪಟ್ಟಣದ ಹೆಸರು ಅಂಟಿಸಿ ಮಾರುವಂತಿಲ್ಲ. ಹಾಗಾದರೆ ‘ಚನ್ನಪಟ್ಟಣದ್ದು’ ಎನ್ನಿಸಿಕೊಳ್ಳಲು ಏನು ಬೇಕು? ಗೊತ್ತುಮಾಡಿದ ಸೀಮೆಯಲ್ಲಿ, ಗೊತ್ತುಮಾಡಿದ ರೀತಿಯಲ್ಲಿ ತಯಾರಾಗಿರಬೇಕು, ಅಷ್ಟೆ. ಉಳಿ ಹಿಡಿದವನು ಬಿಹಾರದಿಂದ ಬಂದು ಕಸುಬು ಕಲಿತವನಾದರೂ ಗೊಂಬೆ ಚನ್ನಪಟ್ಟಣದ್ದೇ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕರೆಸಿದ ಕುಶಲಕರ್ಮಿಗಳಿಂದ ಈ ಕಲೆ ಇಲ್ಲಿ ಬೇರೂರಿತು ಎಂಬ ಪ್ರತೀತಿ ಇದೆ. ಅದು ನಿಜವಾದರೆ ಮೊದಲ ಗೊಂಬೆ ಮಾಡಿದವನಿಗೂ ವಾಸಸ್ಥಳದ ಪ್ರಮಾಣಪತ್ರ ಸಿಗುತ್ತಿರಲಿಲ್ಲ.

ಈಗ ಉದ್ಯೋಗಕ್ಕೆ ಬರೋಣ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿದ ಮಸೂದೆ, ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂದಿತು. ಸ್ಥಳೀಯ ಎಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಇಲ್ಲಿ ನೆಲೆಸಿ, ಕನ್ನಡ ಮಾತನಾಡಲು, ಓದಲು, ಬರೆಯಲು ಬಲ್ಲವನು. ತಪ್ಪಿದವರಿಗೆ 10 ಸಾವಿರದಿಂದ 25 ಸಾವಿರ ರೂಪಾಯಿ ದಂಡ. ಉದ್ಯಮಗಳ ಸಂಘಟನೆಗಳು ಎದ್ದು ನಿಂತವು, ನೆರೆ ರಾಜ್ಯಗಳ ಸಚಿವರು ‘ನಮ್ಮಲ್ಲಿಗೆ ಬನ್ನಿ’ ಎಂದು ಕರೆದರು, ಎರಡೇ ದಿನದಲ್ಲಿ ಮಸೂದೆ ತಡೆಹಿಡಿಯಲ್ಪಟ್ಟಿತು. ಬಂಡವಾಳದ ಬೆದರಿಕೆಗೆ ಸರ್ಕಾರ ಮಣಿಯಿತು ಎಂದು ಬಹಳ ಮಂದಿ ಬೇಸರಪಟ್ಟರು. ಮಣಿಯದೆ ಮುಂದುವರಿದಿದ್ದರೂ ಅದು ಕೋರ್ಟಿನಲ್ಲಿ ನಿಲ್ಲುತ್ತಿತ್ತೇ ಎಂಬುದು ನನ್ನ ಪ್ರಶ್ನೆ. ಹತ್ತು ಜನಕ್ಕಿಂತ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ 30 ಸಾವಿರ ರೂಪಾಯಿವರೆಗಿನ ಸಂಬಳದ ಕೆಲಸಗಳಲ್ಲಿ ಶೇ 75 ಸ್ಥಳೀಯರಿಗೆ ಎಂದ ಹರಿಯಾಣದ ಕಾಯಿದೆ 2022ರ ಜನವರಿಯಲ್ಲಿ ಜಾರಿಯಾಗಿ, 2023ರ ನವೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನಲ್ಲಿ ರದ್ದಾಯಿತು. ಸಂವಿಧಾನದ 16ನೇ ವಿಧಿ, ಹುಟ್ಟಿದ ಸ್ಥಳ ಮತ್ತು ವಾಸದ ಆಧಾರದ ಮೇಲೆ ಸರ್ಕಾರಿ ನೌಕರಿಯನ್ನೇ ನಿರಾಕರಿಸಬಾರದು ಎನ್ನುತ್ತದೆ. ವಾಸಕ್ಕೆ ಸಂಬಂಧಿಸಿದಂತೆ ಸಡಿಲಿಕೆ ಕೊಡುವ ಅಧಿಕಾರ ಇರುವುದೂ ಸಂಸತ್ತಿಗೆ ಮಾತ್ರ. ತನ್ನ ನೌಕರಿಯಲ್ಲೇ ಮಾಡಲಾಗದ ಭೇದವನ್ನು ಖಾಸಗಿಯವರಿಂದ ಬಲವಂತವಾಗಿ ಮಾಡಿಸುವುದು ಹೇಗೆ?

ಇದಕ್ಕೆ ಬರುವ ಬಲವಾದ ಆಕ್ಷೇಪ ಕಲ್ಯಾಣ ಕರ್ನಾಟಕದ್ದು. 371(ಜೆ) ವಿಧಿಯ ಅಡಿ ಅಲ್ಲಿಯ ಸರ್ಕಾರಿ ಹುದ್ದೆಗಳಲ್ಲಿ ‘ಎ’ ಮತ್ತು ‘ಬಿ’ ವರ್ಗಕ್ಕೆ ಶೇ 75, ‘ಸಿ’ಗೆ 80, ‘ಡಿ’ಗೆ 85ರಷ್ಟು ಸ್ಥಳೀಯರಿಗೇ ಮೀಸಲಿದೆಯಲ್ಲ, ಅದು ನಿಂತಿಲ್ಲವೇ? ನಿಂತಿದೆ. ಆದರೆ ಅದು ನಿಂತಿರುವುದು ರಾಜ್ಯದ ಮಸೂದೆಯ ಮೇಲಲ್ಲ, ಸಂವಿಧಾನದ 98ನೇ ತಿದ್ದುಪಡಿಯ ಮೇಲೆ. ಸಾರ್ವಜನಿಕ ಹುದ್ದೆ ಮತ್ತು ಶಿಕ್ಷಣಕ್ಕಷ್ಟೇ ಸೀಮಿತವಾಗಿ, ಹಿಂದುಳಿದ ಒಂದು ಪ್ರದೇಶಕ್ಕೆ ಕೊಟ್ಟ ವಿಶೇಷ ರಕ್ಷಣೆ ಅದು. ಅಂಥ ತಿದ್ದುಪಡಿ ಇಲ್ಲದೆಡೆ ನ್ಯಾಯಾಲಯ ಎಷ್ಟು ಬಿಗಿ ಎಂಬುದು 2025ರ ಜನವರಿಯಲ್ಲೇ ಮತ್ತೆ ಕಂಡಿತು: ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ವಾಸದ ಆಧಾರದ ಮೀಸಲಾತಿ ಸಂವಿಧಾನಬಾಹಿರ ಎಂದಿತು ಸುಪ್ರೀಂ ಕೋರ್ಟ್.

ಎರಡನೆಯ ಆಕ್ಷೇಪ ನ್ಯಾಯದ್ದು, ಅದಕ್ಕೆ ಹೆಚ್ಚು ತೂಕವಿದೆ. ಕಾರ್ಖಾನೆಗೆ ಜಮೀನು ಬಿಟ್ಟುಕೊಟ್ಟವನು ಇಲ್ಲಿಯ ರೈತ, ನೀರು ಇಲ್ಲಿಯ ಕೆರೆಯದು, ಹೊಗೆ ಇಲ್ಲಿಯ ಮಕ್ಕಳ ಪಾಲಿಗೆ. ಕೆಲಸ ಮಾತ್ರ ಬೇರೆಯವರಿಗೆ ಏಕೆ? ಕನ್ನಡಿಗರ ಉದ್ಯೋಗದ ಬಗ್ಗೆ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ 58 ಶಿಫಾರಸುಗಳನ್ನು ಕೊಟ್ಟಾಗಲೂ ಹಿಂದಿದ್ದ ಸಿಟ್ಟು ಇದೇ. ಈ ವಾದವನ್ನು ಒಪ್ಪುತ್ತೇನೆ. ಒಪ್ಪಿದ ಮೇಲೆ, 2024ರ ಮಸೂದೆ ಯಾರನ್ನು ಒಳಗೆ ಬಿಡುತ್ತಿತ್ತು, ಯಾರನ್ನು ಹೊರಗಿಡುತ್ತಿತ್ತು ಎಂದು ನೋಡಬೇಕು. ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಮಾಧ್ಯಮದಲ್ಲಿ ಓದಿ, ಮಂಗಳೂರಿನಲ್ಲಿ ಇಪ್ಪತ್ತು ವರ್ಷ ಬದುಕಿದವಳು ಆ ವ್ಯಾಖ್ಯೆಯಲ್ಲಿ ಸ್ಥಳೀಯಳಲ್ಲ, ಏಕೆಂದರೆ ಹುಟ್ಟಿದ್ದು ಗಡಿಯಾಚೆ. ಸೊಲ್ಲಾಪುರದ, ಜತ್ತದ ಕನ್ನಡಿಗರ ಗತಿಯೂ ಅದೇ. ಇನ್ನು ಬೇಗೂರಿನಲ್ಲೋ ಬಿಡದಿಯಲ್ಲೋ ಜಮೀನು ಕಳೆದುಕೊಂಡವನ ಮಗನಿಗೆ ಈ ಶೇ 70ರಲ್ಲಿ ವಿಶೇಷ ಪಾಲೇನೂ ಇರಲಿಲ್ಲ. ಜಮೀನಿನ ನ್ಯಾಯವೇ ಗುರಿಯಾಗಿದ್ದರೆ, ಭೂಸ್ವಾಧೀನವಾದ ಕುಟುಂಬಕ್ಕೊಂದು ಕೆಲಸ ಎಂಬ ಷರತ್ತನ್ನು ಜಮೀನು ಹಂಚಿಕೆಯ ಕರಾರಿನಲ್ಲೇ ಬರೆದು, ಬರೆದದ್ದನ್ನು ಜಾರಿ ಮಾಡುವುದು ಹೆಚ್ಚು ನೇರ. ಅಲ್ಲಿ ‘ಸ್ಥಳೀಯ’ ಎಂಬುದು ಸರ್ವೆ ನಂಬರಿಗೆ ಅಂಟಿದ ಮಾತಾಗುತ್ತದೆ, ಹುಟ್ಟಿಗಲ್ಲ.

ಕರಾರಿನ ದಾರಿ ನಮಗೆ ಹೊಸದೂ ಅಲ್ಲ. 2020–25ರ ಕೈಗಾರಿಕಾ ನೀತಿ, ರಿಯಾಯಿತಿ ಪಡೆಯುವ ಉದ್ಯಮಗಳು ಒಟ್ಟು ಕೆಲಸಗಳಲ್ಲಿ ಶೇ 70, ‘ಸಿ’ ಮತ್ತು ‘ಡಿ’ ವರ್ಗದಲ್ಲಿ ಶೇ 100 ಕನ್ನಡಿಗರಿಗೆ ಕೊಡಬೇಕು ಎಂದಿತ್ತು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವೂ ರಿಯಾಯಿತಿಗೂ ಕನ್ನಡಿಗರ ಉದ್ಯೋಗಕ್ಕೂ ಗಂಟು ಹಾಕಿದೆ. ಅದರ ‘ಕನ್ನಡಿಗ’ನ ವ್ಯಾಖ್ಯೆಯಲ್ಲಿ 15 ವರ್ಷದ ವಾಸ ಮತ್ತು ಓದು ಬರಹ ಇದೆ, ಇಲ್ಲೇ ಹುಟ್ಟಿರಬೇಕೆಂಬ ಷರತ್ತಿಲ್ಲ. ಎಲ್ಲರ ಮೇಲೂ ಹೇರುವ ಕಟ್ಟಳೆಗೂ, ಸರ್ಕಾರದ ದುಡ್ಡು ಬೇಕೆಂದು ಬಂದವರಿಗೆ ಹಾಕುವ ಷರತ್ತಿಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವಿದೆ; ಬೇಡವೆಂದರೆ ರಿಯಾಯಿತಿ ಬಿಡಬಹುದು. ಜಿಎಸ್‌ಟಿ ಬಂದ ಮೇಲೆ ರಾಜ್ಯಕ್ಕೆ ತೆರಿಗೆಯನ್ನೇ ಮನ್ನಾ ಮಾಡುವ ಸ್ವಾತಂತ್ರ್ಯ ಹೋಗಿದೆ ನಿಜ. ಆದರೆ ವಹಿವಾಟಿನ ಆಧಾರದ ಬಂಡವಾಳ ಸಹಾಯಧನ, ಮುದ್ರಾಂಕ ಶುಲ್ಕದ ವಿನಾಯಿತಿ, ಜಮೀನು ಇವು ಇನ್ನೂ ವಿಧಾನಸೌಧದ ಕೈಯಲ್ಲೇ ಇವೆ. ಈ ದಾರಿಯ ದೌರ್ಬಲ್ಯ ಕಾನೂನಿನಲ್ಲಿಲ್ಲ, ಎಣಿಕೆಯಲ್ಲಿದೆ. ಗೇಟಿನ ಕಾವಲುಗಾರ, ಕ್ಯಾಂಟೀನಿನವ, ಲಾರಿಗೆ ಲೋಡು ಮಾಡುವವ ಎಲ್ಲರೂ ಗುತ್ತಿಗೆದಾರನ ಪಟ್ಟಿಯಲ್ಲಿದ್ದರೆ ಕಂಪನಿಯ ಹಾಜರಿ ಪುಸ್ತಕದಲ್ಲಿ ‘ಡಿ’ ವರ್ಗವೇ ಇರುವುದಿಲ್ಲ, ಇಲ್ಲದ ವರ್ಗದಲ್ಲಿ ಶೇ 100 ಪಾಲಿಸಿದ್ದಾಗಿ ಬರೆದುಕೊಡುವುದು ಸುಲಭ. ಗುತ್ತಿಗೆ ಕೆಲಸಗಾರರನ್ನೂ ಸೇರಿಸಿ ಎಣಿಸಿ, ಸಹಾಯಧನದ ಮುಂದಿನ ಕಂತನ್ನು ಆ ಎಣಿಕೆಗೆ ಕಟ್ಟಿಹಾಕಲು ಹೊಸ ಮಸೂದೆ ಬೇಕಿಲ್ಲ.

ಹುಟ್ಟನ್ನು ಬಿಟ್ಟು ಕೆಲಸದ ಅಗತ್ಯವನ್ನು ಹಿಡಿದ ನಿಯಮ ಹೇಗಿರುತ್ತದೆ ಎಂಬುದು ಬ್ಯಾಂಕುಗಳಲ್ಲಿದೆ. ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತ ಹುದ್ದೆಗೆ ಅರ್ಜಿ ಹಾಕುವವರು ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಮಾತನಾಡಲು ಬಲ್ಲವರಾಗಿರಬೇಕು. ಶಾಲೆಯಲ್ಲಿ ಕಲಿತ ದಾಖಲೆ ಇಲ್ಲದಿದ್ದರೆ ಪರೀಕ್ಷೆ ಕೊಡಬೇಕು. ಪಟ್ನಾದಲ್ಲಿ ಹುಟ್ಟಿದವನೂ ಕನ್ನಡ ಕಲಿತು ಬರಬಹುದು, ಬೆಂಗಳೂರಿನಲ್ಲಿ ಹುಟ್ಟಿ ಕನ್ನಡ ಓದಲು ಬಾರದವನು ಹೊರಗುಳಿಯಬಹುದು. ಕೌಂಟರಿನಲ್ಲಿ ಕೂತವನಿಗೆ ಎದುರಿಗೆ ನಿಂತವರ ಮಾತು ಅರ್ಥವಾಗಬೇಕು ಎಂಬ ಸಾದಾ ಕಾರಣವೇ ಆ ನಿಯಮಕ್ಕೆ ಆಧಾರ. ಆದರೆ ಇದೇ ಬ್ಯಾಂಕುಗಳಿಗೆ ಅಖಿಲ ಭಾರತ ಮಟ್ಟದಲ್ಲಿ ಆಯ್ಕೆಯಾಗಿ ಬರುವ ಪ್ರೊಬೇಷನರಿ ಅಧಿಕಾರಿಗಳಿಗೆ ಈ ಪರೀಕ್ಷೆ ಇಲ್ಲ, ರೈತನ ಬೆಳೆಸಾಲದ ಅರ್ಜಿಗೆ ಸಹಿ ಹಾಕುವವರು ಅವರೇ ಆಗಿದ್ದರೂ.